ಎರಡು ತಿಂಗಳ ರಜೆಯನ್ನು ಲ್ಯಾಬಿಗೂ ಕೊಡೋಣ

ಮಾರ್ಚ್ ಹತ್ತಿರ ಬಂತೆಂದರೆ ಗುದೈಬಿಯಾದ ಫ್ಲ್ಯಾಟಿನಲ್ಲಾಗಲಿ, ಸಲ್ಮಾಬಾದಿನ ಕ್ಯಾಂಪಿನಲ್ಲಾಗಲಿ ನಮ್ಮವರ ಮಾತು ಎರಡೇ. ಒಂದು ಟಿಕೆಟ್, ಇನ್ನೊಂದು ವಿಸಿಟ್ ವೀಸಾ. ಮಗಳ ಪರೀಕ್ಷೆ ಯಾವಾಗ ಮುಗಿಯುತ್ತದೆ, ಮಗನ ಕಾಲೇಜು ಯಾವಾಗ ಶುರು, ಮಂಗಳೂರು ಟಿಕೆಟಿನ ರೇಟ್ ಏರುವ ಮೊದಲು ಬುಕ್ ಮಾಡಬೇಕಲ್ಲ, ಇದೇ ಲೆಕ್ಕ. ಕುಟುಂಬವನ್ನು ಇಲ್ಲಿಗೆ ಕರೆಸಲು ಆಗದವರು ತಮ್ಮ ರಜೆಯನ್ನೇ ಆ ತಿಂಗಳಿಗೆ ಹೊಂದಿಸಲು ಕಂಪೆನಿಯ ಹಿಂದೆ ಬೀಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷಗಟ್ಟಲೆ ಮಕ್ಕಳ ಮುಖವನ್ನು ಮೊಬೈಲಿನಲ್ಲಿ ನೋಡಿ ದಿನ ಕಳೆಯುವ ತಂದೆಗೆ ಆ ಎರಡು ತಿಂಗಳ ಬೆಲೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೂ ಈ ಲೆಕ್ಕಕ್ಕೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂದು ನಾವು ಕೇಳಿಕೊಳ್ಳುತ್ತಿದ್ದೇವೆ. ನಿಮ್ಮ ಮಗಳು ಬಿಎಸ್ಸಿಯಲ್ಲಿ ಮೈಕ್ರೋಬಯಾಲಜಿಯೋ ಬಯೋಟೆಕ್ನಾಲಜಿಯೋ ಓದುತ್ತಿದ್ದಾಳೆ, ನಿಮ್ಮ ಮಗ ಎಂಬಿಬಿಎಸ್ಸೋ ಬಿಡಿಎಸ್ಸೋ ಫಾರ್ಮಸಿಯೋ ಓದುತ್ತಿದ್ದಾನೆ ಎಂದಾದರೆ, ಈ ಎರಡು ತಿಂಗಳು ಅವರಿಗೆ ಒಂದು ಸಂಶೋಧನಾ ಲ್ಯಾಬಿನಲ್ಲಿ ಜಾಗ ಸಿಗಬಹುದೇ? ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದೇ ಅಪರೂಪ. ಎದ್ದರೂ "ಅದೆಲ್ಲ ದೊಡ್ಡವರ ಮಕ್ಕಳಿಗೆ, ನಮಗೆಂತಕ್ಕೆ?" ಎಂಬಲ್ಲಿಗೆ ಮುಗಿಯುತ್ತದೆ. ಈ "ನಮಗೆಂತಕ್ಕೆ" ಎಂಬ ಮಾತಿಗೇ ಈ ಲೇಖನ ಉತ್ತರ.

ಇದು ಎಂಥ ಅವಕಾಶ?

ಮೊದಲು ವಿಷಯವನ್ನು ನೇರವಾಗಿ ಹೇಳಿಬಿಡೋಣ. ಡಿಗ್ರಿ ಓದುವ ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ಸುಮಾರು ಎರಡು ತಿಂಗಳ ಮಟ್ಟಿಗೆ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸಕ್ಕೆ ಸೇರಿಸಿಕೊಳ್ಳುವ ಯೋಜನೆಗಳು ನಮ್ಮ ದೇಶದಲ್ಲಿ ಹಲವು ಇವೆ. ವಿದ್ಯಾರ್ಥಿ ಅಲ್ಲಿ ಸಣ್ಣದೊಂದು ಪ್ರಶ್ನೆಯನ್ನು ಹಿಡಿದು ಕೆಲಸ ಮಾಡುತ್ತಾನೆ. ರಕ್ತದ ಮಾದರಿಯಿಂದ ಡಿಎನ್ಎ ತೆಗೆಯುವುದು, ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ನೋಡುವುದು, ರೋಗಿಗಳ ದಾಖಲೆಗಳಿಂದ ಅಂಕಿಅಂಶ ತೆಗೆದು ಹೋಲಿಸುವುದು, ಹೀಗೆ. ಕೊನೆಗೆ ಒಂದು ವರದಿ ಬರೆಯುತ್ತಾನೆ. ಇದಕ್ಕೆ ಫೀಸು ಕೊಡುವುದು ವಿದ್ಯಾರ್ಥಿಯಲ್ಲ. ಹೆಚ್ಚಿನ ಸರಕಾರಿ ಯೋಜನೆಗಳಲ್ಲಿ ವಿದ್ಯಾರ್ಥಿಗೇ ಸ್ಟೈಪೆಂಡ್ ಕೊಡುತ್ತಾರೆ.

ವೈದ್ಯಕೀಯ ಮತ್ತು ದಂತ ವೈದ್ಯಕೀಯ ಓದುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದಲೇ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಎಂಬ ಯೋಜನೆ ನಡೆಸುತ್ತಿದೆ. ಇದರ ದೊಡ್ಡ ಅನುಕೂಲವೆಂದರೆ ಊರು ಬಿಟ್ಟು ಹೋಗಬೇಕಾಗಿಲ್ಲ. ತಾನು ಓದುವ ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನು ಗೈಡ್ ಆಗಿ ಒಪ್ಪಿಸಿ, ಒಂದು ವಿಷಯ ಆರಿಸಿ, ಪ್ರಸ್ತಾವನೆ ಬರೆದು ಕಳುಹಿಸಬೇಕು. ಒಪ್ಪಿಗೆ ಸಿಕ್ಕಿದರೆ ಎರಡು ತಿಂಗಳ ಕೆಲಸ. ವರದಿ ಸ್ವೀಕಾರವಾದ ಮೇಲೆ ಸ್ಟೈಪೆಂಡ್ ಮತ್ತು ಸರ್ಟಿಫಿಕೇಟ್.

ಬಿಎಸ್ಸಿ, ಎಂಎಸ್ಸಿ, ಇಂಜಿನಿಯರಿಂಗ್ ಓದುವವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಈ ಮೂರರಲ್ಲಿ ಒಂದು. ಇದಕ್ಕೆ ಆಯ್ಕೆಯಾದವರು ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯ ಬಳಿ ಎರಡು ತಿಂಗಳು ಕೆಲಸ ಮಾಡಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಡೆಸುವ ಅತಿಥಿ ವಿದ್ಯಾರ್ಥಿಗಳ ಯೋಜನೆಯೂ ಇದೆ. ಜೀವವಿಜ್ಞಾನಕ್ಕೆ ಹೆಸರಾದ ಬೆಂಗಳೂರಿನ ಎನ್‌ಸಿಬಿಎಸ್ ಆ ಸಂಸ್ಥೆಯದ್ದೇ ಕೇಂದ್ರ.

ಗಲ್ಫಿನಲ್ಲೇ ಓದುವ ಮಕ್ಕಳಿದ್ದರೆ ಸೌದಿಯ ತುವಲ್‌ನಲ್ಲಿರುವ ಕಿಂಗ್ ಅಬ್ದುಲ್ಲಾ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯವನ್ನು ನೆನಪಿಡಿ. 2009ರಲ್ಲಿ ಆರಂಭವಾದ ಈ ಸಂಸ್ಥೆಯ ಸಂದರ್ಶಕ ವಿದ್ಯಾರ್ಥಿ ಯೋಜನೆಗೆ ಯಾವ ದೇಶದ ವಿದ್ಯಾರ್ಥಿಯೂ ಅರ್ಜಿ ಹಾಕಬಹುದು. ವಸತಿ, ಸ್ಟೈಪೆಂಡ್ ಎಲ್ಲ ಅವರದ್ದೇ. ಆದರೆ ಕೆಲವು ತಿಂಗಳ ಅವಧಿ, ಒಳ್ಳೆಯ ಅಂಕ ಬೇಕು, ಸ್ಪರ್ಧೆಯೂ ಜೋರು. ನಮ್ಮ ಬಹರೈನ್‌ನಲ್ಲೇ 1980ರಲ್ಲಿ ಸ್ಥಾಪನೆಯಾದ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯ, 2004ರಿಂದ ಇರುವ ಬುಸೈತೀನಿನ ಆರ್‌ಸಿಎಸ್‌ಐ ವೈದ್ಯಕೀಯ ವಿಶ್ವವಿದ್ಯಾಲಯ ಎರಡೂ ಸಂಶೋಧನೆ ನಡೆಸುವ ಸಂಸ್ಥೆಗಳೇ. ಇಲ್ಲಿ ಓದುತ್ತಿರುವ ನಮ್ಮ ಬೆರಳೆಣಿಕೆಯ ಮಕ್ಕಳು ತಮ್ಮ ಅಧ್ಯಾಪಕರನ್ನು ಧೈರ್ಯವಾಗಿ ಕೇಳಬೇಕು.

ಇನ್ನು ಊರಿನ ಹತ್ತಿರ ನೋಡಿದರೆ ದೇರಳಕಟ್ಟೆಯಲ್ಲಿ ಯೆನೆಪೋಯ ಮತ್ತು ನಿಟ್ಟೆ ವಿಶ್ವವಿದ್ಯಾಲಯಗಳು, ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಮಣಿಪಾಲ, ಕಾಸರಗೋಡಿನ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಉಳ್ಳಾಲದಿಂದಲೋ ಮಂಜೇಶ್ವರದಿಂದಲೋ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಇಷ್ಟು ಲ್ಯಾಬುಗಳಿರುವ ಜಿಲ್ಲೆಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ದೊಡ್ಡ ಫೆಲೋಶಿಪ್ ಸಿಗದವರು ಇಲ್ಲಿನ ಪ್ರಾಧ್ಯಾಪಕರಿಗೆ ಮರ್ಯಾದೆಯಿಂದ ಒಂದು ಇಮೇಲ್ ಬರೆದು ಕೇಳಬಹುದು. ಕೇಳಿದರೆ ಹೋಗುವುದೇನು?

ಕೂಲಿಗೂ ಲ್ಯಾಬಿಗೂ ಏನು ಸಂಬಂಧ?

ಇಷ್ಟು ಓದಿ ಯಾರಾದರೂ "ನಾವು ಬಿಸಿಲಿನಲ್ಲಿ ದುಡಿಯುವವರು, ನಮ್ಮ ಪತ್ರಿಕೆಯಲ್ಲಿ ಈ ಲ್ಯಾಬಿನ ಕತೆ ಯಾಕೆ?" ಎಂದು ಕೇಳಬಹುದು. ನಾವು ಬಿಸಿಲಿನಲ್ಲಿ ದುಡಿಯುತ್ತೇವಲ್ಲ, ಅದಕ್ಕೇ.

ಬಹರೈನ್‌ನಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ 2007ರಲ್ಲಿ ಬಂತು. ಮೊದಲು ಜುಲೈ, ಆಗಸ್ಟ್ ಎರಡು ತಿಂಗಳಿಗೆ ಇದ್ದದ್ದು 2025ರಲ್ಲಿ ಮೂರು ತಿಂಗಳಿಗೆ ವಿಸ್ತರಣೆಯಾಯಿತು. ಬಿಸಿಲಿನಲ್ಲಿ ದುಡಿಯುವವರಿಗೆ ಇಂಥ ನಿಯಮದ ಬೆಲೆ ಏನೆಂದು ಗೊತ್ತು. ಆದರೆ ಬಿಸಿಲು ದೇಹಕ್ಕೆ ಏನು ಮಾಡುತ್ತದೆ, ಎಷ್ಟು ಹೊತ್ತು ಮಾಡುತ್ತದೆ ಎಂದು ಅಳೆದು ಹೇಳುವವರು ಬೇಕಲ್ಲ.

ಪಕ್ಕದ ಕತಾರ್‌ನ ಉದಾಹರಣೆ ನೋಡಿ. ಅಲ್ಲಿ ತೀರಿಕೊಂಡ ನೇಪಾಳಿ ಕಾರ್ಮಿಕರ ದಾಖಲೆಗಳನ್ನು ಸಂಶೋಧಕರ ತಂಡವೊಂದು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿತು. 2009ರಿಂದ 2017ರವರೆಗಿನ ಸಾವುಗಳನ್ನು ಅವರು ಅಲ್ಲಿನ ಹವಾಮಾನದ ದಾಖಲೆಯ ಜೊತೆ ಇಟ್ಟು ನೋಡಿದರು. ಹೃದಯ ಸಂಬಂಧಿ ಎಂದು ಬರೆದಿದ್ದ 571 ಸಾವುಗಳಲ್ಲಿ ಸುಮಾರು 200ನ್ನು, ಶಾಖದಿಂದ ಸರಿಯಾದ ರಕ್ಷಣೆ ಕೊಟ್ಟಿದ್ದರೆ ತಡೆಯಬಹುದಾಗಿತ್ತು ಎಂದು ಅವರ ಅಂದಾಜು. ಅದೇ ವರ್ಷ ಗ್ರೀಸಿನ ವಿಶ್ವವಿದ್ಯಾಲಯವೊಂದರ ಲ್ಯಾಬ್ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ ಸೇರಿ ಕತಾರ್‌ನ ಕಾರ್ಮಿಕರ ದೇಹದ ಉಷ್ಣತೆಯನ್ನೂ ಕೆಲಸದ ಸ್ಥಳದ ಬಿಸಿಯನ್ನೂ ಅಳೆಯಿತು. 2021ರಲ್ಲಿ ಕತಾರ್ ತನ್ನ ನಿಯಮವನ್ನು ಬಿಗಿ ಮಾಡಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸ ನಿಲ್ಲಿಸಿತು.

ನಮ್ಮಲ್ಲಿಯೂ "ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲ" ಎಂಬ ಸುದ್ದಿ ಆಗಾಗ ಬರುತ್ತದೆ. ನಮ್ಮ ಸಂಘಟನೆಯವರು ಓಡಾಡಿ ಕಾಗದಪತ್ರ ಮಾಡಿಸಿ ಮಯ್ಯಿತ್ತನ್ನು ಊರಿಗೆ ಕಳುಹಿಸುತ್ತಾರೆ, ಇಲ್ಲವೇ ಇಲ್ಲೇ ದಫನ ಮಾಡಿಸುತ್ತಾರೆ. ಸರ್ಟಿಫಿಕೇಟಿನಲ್ಲಿ ಹೃದಯ ನಿಂತಿತು ಎಂದಿರುತ್ತದೆ. ಅಲ್ಲಾಹನ ವಿಧಿ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುತ್ತೇವೆ, ಅದು ನಮ್ಮ ಈಮಾನ್. ಆದರೆ ಇನ್ನೊಬ್ಬನಿಗೆ ಹಾಗಾಗದಂತೆ ಕಾರಣ ಹುಡುಕುವುದು ವಿಧಿಯ ವಿರುದ್ಧ ಹೋಗುವುದಲ್ಲ, ಒಂಟೆಯನ್ನು ಕಟ್ಟಿ ತವಕ್ಕುಲ್ ಇಡುವ ದಾರಿಯೇ. ಹೃದಯ ಯಾಕೆ ನಿಂತಿತು ಎಂದು ಕೇಳುವವರು ನಮ್ಮ ಮನೆಗಳಿಂದಲೇ ಹುಟ್ಟಬೇಕು. ನೇಪಾಳಿಗಳ ಸಾವಿನ ಲೆಕ್ಕ ಕೇಳಿದ ಆ ತಂಡದಲ್ಲಿ ನೇಪಾಳದವರೂ ಇದ್ದರು. ನಮ್ಮವರ ಲೆಕ್ಕ ಕೇಳುವವರು ಯಾರು?

ಇನ್ನೂ ಹತ್ತಿರದ ಉದಾಹರಣೆ ನಮ್ಮ ಕಾಸರಗೋಡಿನದ್ದು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಊರಲ್ಲಿ ಏನೋ ಸರಿ ಇಲ್ಲ ಎಂದು ಮೊದಲು ಗಮನಿಸಿದವರು ದಿಲ್ಲಿಯ ವಿಜ್ಞಾನಿಗಳಲ್ಲ. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ವಾಣಿನಗರದ ವೈದ್ಯರು ಡಾ. ಮೋಹನ ಕುಮಾರ್ ತಮ್ಮ ಬಳಿಗೆ ಬರುತ್ತಿದ್ದ ರೋಗಿಗಳಲ್ಲಿ ಒಂದೇ ಬಗೆಯ ತೊಂದರೆಗಳು ಹೆಚ್ಚುತ್ತಿರುವುದನ್ನು ಗುರುತಿಸಿ ಇತರ ವೈದ್ಯರ ಗಮನಕ್ಕೆ ತಂದರು. ಆಮೇಲೆ ಐಸಿಎಂಆರ್‌ನ ಅಹಮದಾಬಾದಿನ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆ ಊರಿನ 117 ಶಾಲಾ ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ, ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿರುವುದನ್ನು ತೋರಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಊರಿನವರ ಕಣ್ಣೀರು ಮಾತ್ರ ಇದ್ದಾಗ ಅದನ್ನು "ಪ್ರಚಾರ" ಎಂದು ತಳ್ಳಿಹಾಕುವವರಿದ್ದರು. ಅಂಕಿಅಂಶ ಮೇಜಿನ ಮೇಲೆ ಬಿದ್ದ ಮೇಲೆ ತಳ್ಳಿಹಾಕುವುದು ಕಷ್ಟವಾಯಿತು.

ನಾವಿರುವ ಬಹರೈನ್‌ನದ್ದೇ ಇನ್ನೊಂದು. ಇಲ್ಲಿನವರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ವಂಶಪಾರಂಪರ್ಯವಾಗಿ ಬರುತ್ತಿತ್ತು. 1980ರ ದಶಕದ ನಡುವೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಎರಡರಷ್ಟು ಮಂದಿಗೆ ಈ ರೋಗ ಇತ್ತು. 1998ರಲ್ಲಿ ಶಾಲಾ ಮಕ್ಕಳ ರಕ್ತ ಪರೀಕ್ಷೆಯ ರಾಷ್ಟ್ರೀಯ ಯೋಜನೆ ಆರಂಭಿಸಿ, ಯಾರು ವಾಹಕರು ಎಂದು ಅವರಿಗೇ ಕಾರ್ಡ್ ಕೊಟ್ಟು ತಿಳಿಹೇಳಿದರು. 2004ರಲ್ಲಿ ಮದುವೆಗೆ ಮೊದಲಿನ ಪರೀಕ್ಷೆಯನ್ನು ಕಾನೂನು ಮಾಡಿದರು. ಹುಟ್ಟುವ ಮಕ್ಕಳಲ್ಲಿ ಆ ರೋಗ ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ದೊಡ್ಡ ದೊಡ್ಡ ಆಸ್ಪತ್ರೆ ಕಟ್ಟಿದ್ದರಿಂದ ಮಾತ್ರ ಇದು ಆದದ್ದಲ್ಲ. ಲ್ಯಾಬಿನಲ್ಲಿ ಕುಳಿತು ಟ್ಯೂಬು ಟ್ಯೂಬು ರಕ್ತ ನೋಡಿ ಲೆಕ್ಕ ಇಟ್ಟವರಿಂದ ಆದದ್ದು.

ಈಗ ಯೋಚಿಸಿ. ದೇರಳಕಟ್ಟೆಯಲ್ಲೋ ಮಂಗಳೂರಿನಲ್ಲೋ ಎಂಬಿಬಿಎಸ್ ಓದುವ ನಮ್ಮ ಹುಡುಗಿಯೊಬ್ಬಳು ಐಸಿಎಂಆರ್ ಯೋಜನೆಗೆ ಅರ್ಜಿ ಹಾಕುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ವಿಷಯ, ಗಲ್ಫಿನಲ್ಲಿ ಹತ್ತು ವರ್ಷ ದುಡಿದು ಮರಳಿದ ಗಂಡಸರ ಕಿಡ್ನಿ ಮತ್ತು ರಕ್ತದೊತ್ತಡ. ಇಂಥವರು ಅವಳಿಗೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಜುಮಾ ಮುಗಿದು ಮಸೀದಿಯಿಂದ ಹೊರಗೆ ಬರುವವರಲ್ಲೇ ಎಷ್ಟು ಮಂದಿ! ಅವಳು ಅವರ ಭಾಷೆಯಲ್ಲೇ ಕೇಳುತ್ತಾಳೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದಿರಿ, ಸೈಟಿನಲ್ಲಿ ಟಾಯ್ಲೆಟ್ ಇಲ್ಲವೆಂದು ನೀರು ಕುಡಿಯದೆ ಕೂರುತ್ತಿದ್ದಿರಾ ಎಂದು ಬ್ಯಾರಿಯಲ್ಲಿ ಕೇಳಿದಾಗ ಬರುವ ಉತ್ತರ ಇಂಗ್ಲಿಷಿನ ಫಾರಂ ತುಂಬಿಸುವಾಗ ಬರುವುದಿಲ್ಲ. ಅದೇ ರೀತಿ ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಉಮ್ಮಂದಿರ ಕೆಮ್ಮು, ಬೆನ್ನುನೋವು. ಅದೂ ಒಂದು ಸಂಶೋಧನೆಯ ವಿಷಯವೇ. ಇದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಗೈಡ್ ಬೇಕು, ಕ್ರಮ ಇದೆ. ಆ ಕ್ರಮವನ್ನು ಕಲಿಯುವುದಕ್ಕೇ ಈ ಎರಡು ತಿಂಗಳು.

ಮನೆಯಲ್ಲಿ ಕೇಳುವ ನಾಲ್ಕು ಮಾತು

"ಇದರಿಂದ ಸಂಬಳ ಬರುತ್ತದಾ?" ಇದು ಮೊದಲ ಮಾತು, ನ್ಯಾಯವಾದ ಮಾತು. 150 ದಿನಾರ್ ಸಂಬಳದಲ್ಲಿ ಮನೆ, ಫೀಸು, ಸಾಲದ ಕಂತು ಎಲ್ಲ ನೋಡುವವನು ಹೀಗೆ ಕೇಳದೆ ಹೇಗೆ? ಉತ್ತರ ಹೀಗಿದೆ. ಎರಡು ತಿಂಗಳ ಲ್ಯಾಬ್ ಕೆಲಸದಿಂದ ನಾಳೆಯೇ ಉದ್ಯೋಗ ಸಿಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ಎಂಎಸ್ಸಿಗೆ, ಪಿಎಚ್‌ಡಿಗೆ, ಹೊರದೇಶದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆಗೆ ಕೆಲಸ ಮಾಡಿಸಿಕೊಂಡ ವಿಜ್ಞಾನಿಯ ಪತ್ರ ಇದ್ದರೆ ಅದಕ್ಕೆ ತೂಕ ಬೇರೆ. ಪಿಎಚ್‌ಡಿ ಎಂದರೆ ಇನ್ನೂ ಐದು ವರ್ಷ ತಂದೆಯ ಜೇಬು ಖಾಲಿ ಎಂದು ತಿಳಿದವರು ಬಹಳ. ಹಾಗಲ್ಲ. ಸಿಎಸ್ಐಆರ್, ಯುಜಿಸಿ ಪರೀಕ್ಷೆ ಪಾಸಾಗಿ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಸಿಗುತ್ತದೆ. ಮನೆ ಬಾಡಿಗೆ ಭತ್ಯೆ ಬೇರೆ. ಇಲ್ಲಿ ಎಷ್ಟೋ ಮಂದಿ ನಮ್ಮವರು ತಿಂಗಳ ಕೊನೆಗೆ ಊರಿಗೆ ಕಳುಹಿಸುವ ಹಣ ಅಷ್ಟಿಲ್ಲ.

"ಎಂಬಿಬಿಎಸ್ ಸೀಟೇ ಸಿಗಲಿಲ್ಲ, ಇನ್ನೆಂತ ಸಂಶೋಧನೆ?" ಇದು ಎರಡನೆಯ ಮಾತು. ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ ಎಂದರೆ ಮನೆಯಲ್ಲಿ ಮಯ್ಯಿತ್ ಆದ ಹಾಗೆ ಕುಳಿತುಕೊಳ್ಳುವ ಕುಟುಂಬಗಳು ನಮ್ಮಲ್ಲಿವೆ. ಆಮೇಲೆ ಮಗು ಒಲ್ಲದ ಮನಸ್ಸಿನಿಂದ ಬಿಎಸ್ಸಿಗೆ ಸೇರುತ್ತದೆ, ಮನೆಯವರು ಮೂರು ವರ್ಷ ಅದನ್ನು ಸೋತವರ ಲೆಕ್ಕದಲ್ಲಿ ಇಡುತ್ತಾರೆ. ಆದರೆ ಔಷಧಿ ಕಂಡುಹಿಡಿಯುವವರಲ್ಲಿ, ಲಸಿಕೆ ಮಾಡುವವರಲ್ಲಿ, ರೋಗದ ಮೂಲ ಹುಡುಕುವವರಲ್ಲಿ ಎಂಬಿಬಿಎಸ್ ಓದದವರೇ ಬಹಳ. ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಸಂಖ್ಯಾಶಾಸ್ತ್ರ ಓದಿದವರು ಅವರು. ಡಾಕ್ಟರ್ ಒಂದು ದಿನಕ್ಕೆ ಐವತ್ತು ರೋಗಿಗಳನ್ನು ನೋಡಬಹುದು. ಆ ಡಾಕ್ಟರ್ ಬರೆದು ಕೊಡುವ ಗುಳಿಗೆಯ ಹಿಂದೆ ಹೆಸರು ಗೊತ್ತಿಲ್ಲದ ಎಷ್ಟೋ ಬಿಎಸ್ಸಿಯವರ ಬೆವರಿದೆ.

"ಹೆಣ್ಣು ಮಗು, ಬೆಂಗಳೂರಿಗೆ ಒಬ್ಬಳೇ ಹೇಗೆ ಕಳಿಸುದು?" ಇದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ನಮ್ಮ ಕಾಲೇಜುಗಳಲ್ಲಿ ಓದುವುದರಲ್ಲಿ ಹುಡುಗರಿಗಿಂತ ಹುಡುಗಿಯರೇ ಮುಂದಿದ್ದಾರೆ, ಇದು ಎಲ್ಲರಿಗೂ ಗೊತ್ತು. ಅಂದರೆ ಈ ಅವಕಾಶ ಸಿಗಬೇಕಾದವರು ಹೆಚ್ಚಾಗಿ ಅವರೇ. ತಂದೆ ಸಮುದ್ರದಾಚೆ ಇರುವಾಗ ತಾಯಿಗೆ ಭಯ ಇರುವುದು ಸಹಜ, ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಭಯಕ್ಕೆ ಉತ್ತರ ವಿಚಾರಿಸುವುದು, ಬಾಗಿಲು ಹಾಕುವುದಲ್ಲ. ಕ್ಯಾಂಪಸ್ಸಿನೊಳಗೆ ಹಾಸ್ಟೆಲ್ ಇದೆಯಾ, ಗೈಡ್ ಯಾರು, ಕೆಲಸದ ಸಮಯ ಎಷ್ಟು ಎಂದು ಮೊದಲೇ ಬರೆದು ಕೇಳಬಹುದು. ಮಹಿಳೆಯರ ದೂರು ಕೇಳುವ ಸಮಿತಿ ಪ್ರತಿ ಸಂಸ್ಥೆಯಲ್ಲಿರಬೇಕೆಂದು 2013ರ ಕಾನೂನೇ ಹೇಳುತ್ತದೆ. ಅದರ ಸದಸ್ಯರು ಯಾರು ಎಂದೂ ಕೇಳಿ. ಬೆಂಗಳೂರಿನಲ್ಲಿ ನಮ್ಮವರ ಮನೆಗಳಿಗೆ ಕೊರತೆಯಿಲ್ಲ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಸ್ವಂತ ಕಾಲೇಜಿನಲ್ಲೇ ಮಾಡುವ ಯೋಜನೆ ಇದೆ, ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಲ್ಯಾಬ್ ಇದೆ. ಯಾವುದೂ ಬೇಡ ಎನ್ನುವುದು ಮಾತ್ರ ಅನ್ಯಾಯ.

ಇಲ್ಲೊಂದು ಹಳೆಯ ಘಟನೆ ಹೇಳಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮುಂಬೈ ವಿಶ್ವವಿದ್ಯಾಲಯದಲ್ಲಿ ಉತ್ತಮ ಅಂಕ ಪಡೆದವರು. ಆದರೂ ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕರಾದ ಸರ್ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಆ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. ಕಮಲಾ ಸೊಹೋನಿ ಎಂಬ ಹೆಸರಿನಲ್ಲಿ ಮುಂದೆ ಪ್ರಸಿದ್ಧರಾದ ಅವರು 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಪಡೆದರು, ವಿಜ್ಞಾನದಲ್ಲಿ ಅದನ್ನು ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು. ಅಂದು ಬಾಗಿಲು ಹಾಕಿದ್ದು ಸಂಸ್ಥೆ. ಇಂದು ಸಂಸ್ಥೆಗಳು ಅರ್ಜಿ ಹಾಕಿ ಎಂದು ಕರೆಯುತ್ತಿವೆ. ಬಾಗಿಲು ಮನೆಯ ಒಳಗಿನಿಂದ ಹಾಕಿಕೊಳ್ಳಬಾರದು.

ನಮ್ಮ ವೇದಿಕೆಗಳಲ್ಲಿ ಇಬ್ನು ಸೀನಾ ಹೆಸರು ಬಾರದ ಭಾಷಣ ಇಲ್ಲ. ಸಿಡುಬು ಬೇರೆ, ದಡಾರ ಬೇರೆ ಎಂದು ವಿವರಿಸಿದ ಅರ‍್ರಾಝೀ, ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗಿಬರುವ ದಾರಿಯನ್ನು 13ನೇ ಶತಮಾನದಲ್ಲೇ ಬರೆದಿಟ್ಟ ಇಬ್ನುನ್ನಫೀಸ್, ಎಲ್ಲರನ್ನೂ ನೆನೆಯುತ್ತೇವೆ, ಎದೆ ಉಬ್ಬಿಸುತ್ತೇವೆ. ಒಳ್ಳೆಯದೇ. ಆದರೆ ಅವರನ್ನು ನೆನೆಯುವ ಸಭೆಯಿಂದ ಮನೆಗೆ ಬಂದು, ಎರಡು ತಿಂಗಳು ಲ್ಯಾಬಿಗೆ ಹೋಗುತ್ತೇನೆಂದ ಮಗಳಿಗೆ "ಬೇಡ, ನಿಕಾಹ್‌ಗೆ ನೋಡ್ತಾ ಇದ್ದೇವೆ" ಎನ್ನುವುದು ಆ ಹೆಸರುಗಳಿಗೆ ಮಾಡುವ ಮರ್ಯಾದೆಯಲ್ಲ.

ನಾಲ್ಕನೆಯ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. "ನನಗೆ ಸಿಗುವುದೇ ಎರಡು ವರ್ಷಕ್ಕೊಮ್ಮೆ ಈ ರಜೆ. ಮಗು ಬೆಂಗಳೂರಲ್ಲಿದ್ದರೆ ನಾನು ಊರಿಗೆ ಹೋಗಿ ಯಾರನ್ನು ನೋಡುದು?" ಇದಕ್ಕೆ ನಮ್ಮಲ್ಲಿ ಸುಲಭದ ಉತ್ತರ ಇಲ್ಲ. ಮಗುವಿನ ಜೊತೆ ಕಳೆಯುವ ದಿನ ಕಡಿಮೆಯಾಗುವುದು ನಿಜವಾದ ನಷ್ಟ, ಯಾವ ಸರ್ಟಿಫಿಕೇಟೂ ಅದನ್ನು ತುಂಬಿಕೊಡುವುದಿಲ್ಲ. ಆದರೆ ಆಯ್ಕೆಯ ಸುದ್ದಿ ತಿಂಗಳುಗಳ ಮೊದಲೇ ಗೊತ್ತಾಗುವುದರಿಂದ ರಜೆಯನ್ನು ಹೊಂದಿಸಲು ಸಾಧ್ಯ. ಲ್ಯಾಬಿನ ಕೆಲಸ ಮುಗಿಯುವ ವಾರಕ್ಕೆ ತಂದೆ ಊರಿಗೆ ಇಳಿಯಬಹುದು. ಇಲ್ಲವೇ ಮಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಮಗಳು ಕೆಲಸ ಮಾಡುವ ಜಾಗವನ್ನು ಒಂದು ಸಲ ಕಣ್ಣಾರೆ ನೋಡಿಬರಬಹುದು. ಅವಳು ಬಿಳಿ ಕೋಟು ಹಾಕಿ ನಿಂತಿರುವುದನ್ನು ನೋಡುವ ಹಕ್ಕು ಈ ಬಿಸಿಲಿನಲ್ಲಿ ದುಡಿದ ತಂದೆಗಿಂತ ಹೆಚ್ಚಾಗಿ ಬೇರೆ ಯಾರಿಗಿದೆ?

ಮೋಸದ ಬಗ್ಗೆ ಒಂದು ಎಚ್ಚರಿಕೆ

ಅವಕಾಶ ಇರುವಲ್ಲಿ ಏಜೆಂಟರೂ ಇರುತ್ತಾರೆ, ಇದನ್ನು ಗಲ್ಫಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ವೀಸಾದಲ್ಲಿ ಮೋಸ ಹೋದವರು ಮಕ್ಕಳ ವಿಷಯದಲ್ಲಿ ಮೋಸ ಹೋಗಬಾರದು. ಹತ್ತಿಪ್ಪತ್ತು ಸಾವಿರ ಕೊಟ್ಟರೆ ರಿಸರ್ಚ್ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುತ್ತೇವೆ, ಹಣ ಕೊಟ್ಟರೆ ನಿಮ್ಮ ಹೆಸರಿನಲ್ಲಿ ಪೇಪರ್ ಹಾಕಿಸುತ್ತೇವೆ ಎನ್ನುವವರು ಇದ್ದಾರೆ. ಅಂಥ ಕಾಗದಕ್ಕೆ ಒಳ್ಳೆಯ ಸಂಸ್ಥೆಗಳಲ್ಲಿ ಬೆಲೆ ಇಲ್ಲ, ಮುಂದೆ ಮಗುವಿಗೇ ಕೆಟ್ಟ ಹೆಸರು. ನೆನಪಿಡಲು ಸುಲಭದ ಗುರುತು ಇದು: ನಿಜವಾದ ಫೆಲೋಶಿಪ್ ನಿಮಗೆ ಹಣ ಕೊಡುತ್ತದೆ, ನಿಮ್ಮಿಂದ ದೊಡ್ಡ ಹಣ ಕೇಳುವುದಿಲ್ಲ. ಅರ್ಜಿಯನ್ನು ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೇ ಹಾಕಿ, ವಾಟ್ಸಾಪಿನಲ್ಲಿ ಬಂದ ಲಿಂಕಿನಲ್ಲಿ ಅಲ್ಲ.

ಈಗ ಮಾಡಬೇಕಾದದ್ದು

ಈ ಅವಕಾಶ ನಮ್ಮವರ ಕೈತಪ್ಪುವುದಕ್ಕೆ ಮುಖ್ಯ ಕಾರಣ ಬುದ್ಧಿಯ ಕೊರತೆಯಲ್ಲ, ತಾರೀಕು. ಕೆಲಸ ಇರುವುದು ಮೇ, ಜೂನ್, ಜುಲೈಯಲ್ಲಿ. ಆದರೆ ಅಕಾಡೆಮಿಗಳ ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೇ ಮುಗಿದಿರುತ್ತದೆ. ಉಳಿದ ಹಲವು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಯುತ್ತವೆ. ಐಸಿಎಂಆರ್‌ನ ತಾರೀಕು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅದರ ವೆಬ್‌ಸೈಟನ್ನೇ ನೋಡುತ್ತಿರಬೇಕು. ರಜೆ ಬಂದ ಮೇಲೆ ಹುಡುಕುವವನಿಗೆ ಬಸ್ಸು ಹೋದ ಮೇಲೆ ಕೈ ತೋರಿಸಿದಂತೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ಮಾತಾಡುವಾಗ "ಊಟ ಆಯ್ತಾ, ನಮಾಝ್ ಆಯ್ತಾ" ಎಂದು ಕೇಳಿದ ಮೇಲೆ "ಬೇಸಿಗೆಯ ಅರ್ಜಿ ಎಂತ ಆಯ್ತು?" ಎಂದೂ ಕೇಳಿ. ಮಗುವಿಗೆ ಬೇಕಾದದ್ದು ಮೂರು. ಅಂಕಪಟ್ಟಿ, ತನಗೆ ಯಾವ ವಿಷಯದಲ್ಲಿ ಯಾಕೆ ಆಸಕ್ತಿ ಎಂದು ಸ್ವಂತ ಮಾತಿನಲ್ಲಿ ಬರೆದ ಒಂದು ಪುಟ, ಚೆನ್ನಾಗಿ ಬಲ್ಲ ಅಧ್ಯಾಪಕರೊಬ್ಬರ ಶಿಫಾರಸು ಪತ್ರ. ಮೊದಲ ಸಲ ಸಿಗದಿದ್ದರೆ ಬೇಸರ ಬೇಡ. ಅರ್ಜಿ ಹಾಕುವವರು ಸಾವಿರಾರು, ಸೀಟು ಕಡಿಮೆ. ಮರುವರ್ಷ ಮತ್ತೆ ಹಾಕಬೇಕು.

ಸಂಘಟನೆಗಳಿಗೂ ಎರಡು ಮಾತು. ಬಹರೈನ್‌ನಲ್ಲಿ ನಮ್ಮ ನಾಡಿನ ಲ್ಯಾಬ್ ಟೆಕ್ನಿಷಿಯನ್ನರು, ನರ್ಸ್‌ಗಳು, ಫಾರ್ಮಸಿಸ್ಟರು, ವೈದ್ಯರು ಇದ್ದಾರೆ. ಪ್ರತಿ ವರ್ಷ ಅಕ್ಟೋಬರಿನ ಒಂದು ಶುಕ್ರವಾರ ಇವರನ್ನು ಕೂರಿಸಿ, ಊರಿನ ಮಕ್ಕಳನ್ನು ವೀಡಿಯೋ ಕಾಲ್‌ನಲ್ಲಿ ಸೇರಿಸಿ, ಅರ್ಜಿ ಬರೆಯಲು ಸಹಾಯ ಮಾಡುವ ಶಿಬಿರ ನಡೆಸೋಣ. ಇದಕ್ಕೆ ಹಾಲ್ ಬೇಡ, ಬ್ಯಾನರ್ ಬೇಡ, ಶಾಲು ಹಾರ ಬೇಡ.

ಎರಡನೆಯದು ಹಣದ ವಿಷಯ. ಸ್ಟೈಪೆಂಡ್ ಇದೆ ಎಂದೆವಲ್ಲ, ಅದು ಹಲವು ಯೋಜನೆಗಳಲ್ಲಿ ಕೈಗೆ ಬರುವುದು ಕೆಲಸ ಮುಗಿದು ವರದಿ ಕೊಟ್ಟ ಮೇಲೆ. ಅಲ್ಲಿಯವರೆಗೆ ಹಾಸ್ಟೆಲ್, ಊಟ, ಬಸ್ಸಿನ ಖರ್ಚು? ಬಡವರ ಮಗು ಆಯ್ಕೆಯಾಗಿಯೂ ಹೋಗದೆ ಉಳಿಯುವುದು ಇಲ್ಲೇ. ಇದಕ್ಕೆ ನಮ್ಮ ದೀನ್ ಕಲಿಸಿಕೊಟ್ಟ ದಾರಿ ಇದೆ, ಖರ್ಝ್ ಹಸನ್, ಬಡ್ಡಿಯಿಲ್ಲದ ಸಾಲ. ತಿಂಗಳಿಗೆ 500 ಫಿಲ್ಸ್ ಅಂದರೆ ವರ್ಷಕ್ಕೆ ಒಬ್ಬನಿಗೆ 6 ದಿನಾರ್. ನೂರು ಜನ ಸೇರಿದರೆ 600 ದಿನಾರ್, ನಮ್ಮ ರೂಪಾಯಿಯಲ್ಲಿ ಒಂದು ಲಕ್ಷಕ್ಕೂ ಮೇಲೆ. ಅದರಲ್ಲಿ ನಾಲ್ಕೈದು ಮಕ್ಕಳ ಎರಡು ತಿಂಗಳ ಖರ್ಚು ನಡೆಯುತ್ತದೆ. ಸ್ಟೈಪೆಂಡ್ ಬಂದ ಮೇಲೆ ಅವರು ಮರಳಿಸಿದರೆ ಅದೇ ಹಣ ಮರುವರ್ಷ ಬೇರೆ ಮಕ್ಕಳಿಗೆ. ರ‍್ಯಾಂಕ್ ಬಂದ ಮೇಲೆ ಸ್ಮರಣಿಕೆ ಕೊಡುವುದು ಒಳ್ಳೆಯದು. ರ‍್ಯಾಂಕಿಗೆ ಮೊದಲು ಬಸ್ಸಿನ ಚಾರ್ಜ್ ಕೊಡುವುದು ಅದಕ್ಕಿಂತ ಒಳ್ಳೆಯದು.

ಎಲ್ಲ ಮಕ್ಕಳೂ ವಿಜ್ಞಾನಿಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಕೂಡಲೇ ದುಡಿಮೆಗೆ ಇಳಿಯಲೇಬೇಕಾದ ಹಿರಿಯ ಮಗ ಇರುವ ಮನೆಗಳಿವೆ, ಅವನ ತ್ಯಾಗ ಯಾವ ಪಿಎಚ್‌ಡಿಗೂ ಕಡಿಮೆಯಲ್ಲ. ಆದರೆ ಹತ್ತು ಮನೆಗಳಲ್ಲಿ ಒಂದು ಮನೆಯ ಒಂದು ಮಗು ಈ ದಾರಿ ಹಿಡಿದರೆ ಸಾಕು. ನಮ್ಮ ಬಾಪಂದಿರ ಕಿಡ್ನಿಯ ಬಗ್ಗೆ, ಉಮ್ಮಂದಿರ ಶ್ವಾಸದ ಬಗ್ಗೆ, ಕ್ಯಾಂಪಿನಲ್ಲಿ ನಿದ್ದೆಯಲ್ಲೇ ಹೋದ ಸಹೋದರರ ಬಗ್ಗೆ ಬರೆಯುವ ವರದಿಯಲ್ಲಿ ನಮ್ಮ ಹೆಸರು ರೋಗಿಗಳ ಪಟ್ಟಿಯಲ್ಲಿ ಮಾತ್ರ ಇರಬಾರದು, ಬರೆದವರ ಪಟ್ಟಿಯಲ್ಲೂ ಇರಬೇಕು. ಅದಕ್ಕೆ ಈ ವರ್ಷದ ಅರ್ಜಿಯ ತಾರೀಕನ್ನು ಇವತ್ತೇ ನೋಡಿಡಿ. ಅಲ್ಲಾಹು ನಮ್ಮ ಮಕ್ಕಳಿಗೆ ಪ್ರಯೋಜನವಾಗುವ ಇಲ್ಮ್ ಕರುಣಿಸಲಿ, ಆಮೀನ್.